ಬೆಳಕಿಂಡಿಯಿಂದ ಇಳಿದ ಮಾತು

ಶಲವಡಿಗೆ ಬಂದ ಮೊದಲ ಬೆಳಗ್ಗೆ ಕಣ್ಣು ಬಿಟ್ಟಾಗ ಛಾವಣಿಯಲ್ಲಿ ಒಂದು ಮುಖವಿತ್ತು. ತಲೆಕೆಳಗಾದ ಮುಖ. ಮೂಗಿನಲ್ಲಿ ಮೂಗುತಿ. ಎಷ್ಟು ಹೊತ್ತಿನಿಂದ ನನ್ನನ್ನು ನೋಡುತ್ತಿತ್ತೋ ಗೊತ್ತಿಲ್ಲ.

"ಎದ್ರೇನ್ರಿ ಅಕ್ಕೋರ? ನಮ್ಮಲ್ಲಿ ಇಷ್ಟೊತ್ತನ ಯಾರೂ ಮಲಗಂಗಿಲ್ಲರಿ" ಎಂದಿತು ಆ ಮುಖ.

ನಾನು ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡೆ. ಮಧುಗಿರಿಯಲ್ಲಿ ನಲವತ್ತೇಳು ವರ್ಷ ಬದುಕಿದವಳು ನಾನು. ಛಾವಣಿಯ ಕಡೆಯಿಂದ ಯಾರೂ ನನ್ನನ್ನು ಮಾತಾಡಿಸಿರಲಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿನ ಹಳೆಯ ಮನೆಗಳಿಗೆ ಹೆಂಚಿಲ್ಲ. ತೊಲೆ, ಜಂತೆಗಳ ಮೇಲೆ ಮಣ್ಣು ಹಾಸಿದ ಸಪಾಟಾದ ಮಾಳಿಗೆ. ಗೋಡೆಗಳು ಅಕ್ಕಪಕ್ಕದ ಮನೆಗಳಿಗೆ ಅಂಟಿಕೊಂಡಿರುವುದರಿಂದ ಕಿಟಕಿ ಇಡಲು ಜಾಗವಿರುವುದಿಲ್ಲ. ಹಾಗಾಗಿ ಮಾಳಿಗೆಯಲ್ಲೇ ಒಂದು ಚೌಕಾಕಾರದ ಕಂಡಿ ಬಿಟ್ಟಿರುತ್ತಾರೆ. ಅದೇ ಬೆಳಕಿಂಡಿ. ಬೆಳಕು ಬರುವುದು ಅಲ್ಲಿಂದಲೇ, ಗಾಳಿಯೂ ಅಲ್ಲಿಂದಲೇ, ಮಾಲಕಿ ಗಂಗವ್ವನ ವಿಚಾರಣೆಯೂ ಅಲ್ಲಿಂದಲೇ. ಮಳೆ ಬಂದರೆ ಒಂದು ತಗಡು ಮುಚ್ಚಿ ಮೇಲೆ ಕಲ್ಲು ಹೇರುತ್ತಾರೆ.

ಗಂಗವ್ವನಿಗೆ ಅರವತ್ತರ ಆಸುಪಾಸು. ಗಂಡ ತೀರಿಕೊಂಡಿದ್ದಾನೆ. ಮಗ ಹೊಲ ನೋಡಿಕೊಳ್ಳುತ್ತಾನೆ, ಹೊತ್ತು ಮೂಡುವ ಮೊದಲೇ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾನೆ. ಸೊಸೆ ರೇಣುಕಾ ಪಿಯುಸಿ ಪಾಸಾದವಳು, ಬಾಯಿಗಿಂತ ಕಣ್ಣಿನಲ್ಲಿ ಹೆಚ್ಚು ಮಾತಾಡುವವಳು. ಬಾಜು ಮನೆಯ ನೀಲವ್ವ ಈ ಮನೆಯಲ್ಲೇ ಹೆಚ್ಚಿರುತ್ತಾಳೆ. ನನ್ನ ಕೋಣೆ ಅವರ ಮನೆಯ ಮುಂಭಾಗದಲ್ಲಿ, ಬಾಗಿಲು ಬೇರೆ, ಮಾಳಿಗೆ ಮಾತ್ರ ಒಂದೇ.

ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ವರ್ಗವಾಗಿ ಬಂದೆ ಎಂದು ನಿಮಗೆಲ್ಲ ಹೇಳಿ ಬಂದಿದ್ದೇನೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲ ತಿಂಗಳಲ್ಲಿ ಕಲಿತದ್ದು ಇಷ್ಟು. ಎರೆಮಣ್ಣಿನ ದಾರಿಯಲ್ಲಿ ಮಳೆಯ ಮಾರನೆಯ ದಿನ ಚಪ್ಪಲಿ ಹಾಕಿಕೊಂಡು ಹೋಗಬಾರದು, ಕೈಯಲ್ಲಿ ಹಿಡಿದುಕೊಂಡು ಹೋಗಬೇಕು. ನಮ್ಮ ಕೆಂಪು ಮಣ್ಣು ಕಾಲಿಗೆ ಬಣ್ಣ ಹಚ್ಚುತ್ತದೆ, ಈ ಕಪ್ಪು ಮಣ್ಣು ಕಾಲನ್ನೇ ಕೇಳುತ್ತದೆ. ಕೊಳವೆಬಾವಿಯ ನೀರು ಉಪ್ಪು. ಕುಡಿಯುವುದಕ್ಕೆ ಕೆರೆ ನೀರು, ಅದನ್ನು ಶುದ್ಧ ಮಾಡುವ ಘಟಕದ ಮುಂದೆ ಕೊಡ ಹಿಡಿದು ನಿಲ್ಲಬೇಕು, ನಿಂತಷ್ಟು ಹೊತ್ತೂ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಯಾವೂರು, ಯಾರ ಪೈಕಿ, ಮಕ್ಕಳೆಷ್ಟು, ಗಂಡನನ್ನು ಬಿಟ್ಟು ಯಾಕೆ ಬಂದಿರಿ. ನಮ್ಮ ಕಡೆ ಈ ಪ್ರಶ್ನೆಗಳು ಇಲ್ಲವೆಂದಲ್ಲ. ಬೆನ್ನ ಹಿಂದೆ ಕೇಳುತ್ತೇವೆ. ಇಲ್ಲಿ ಮುಖದ ಮುಂದೆ ಕೇಳಿ, ಕೊನೆಗೊಂದು 'ರಿ' ಹಚ್ಚುತ್ತಾರೆ. ಆ 'ರಿ' ಮರ್ಯಾದೆಯೋ ಚುಚ್ಚುವುದೋ ನನಗೆ ತಿಳಿಯುತ್ತಿರಲಿಲ್ಲ. ಚುಚ್ಚುವುದೇ ಇರಬೇಕು ಎಂದುಕೊಂಡೆ.

ನೀಲವ್ವ ಒಂದು ದಿನ ಎರಡು ಬಿಸಿ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಕಡಲೆಕಾಯಿ ಚಟ್ನಿಪುಡಿ ತಂದಳು. ತಟ್ಟೆ ಕೊಟ್ಟವಳು ಹೊರಡಲಿಲ್ಲ. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ಬಗ್ಗಿದಳು.

"ಇದೇನ್ರಿ ಅಕ್ಕೋರ, ಈ ಉಂಡಿ?"

"ರಾಗಿ ಮುದ್ದೆ."

"ಹಲ್ಲಿಲ್ಲದವ್ರು ಉಣ್ಣೂದಲ್ಲೇನ್ರಿ? ನಿಮಗಿನ್ನೂ ಹಲ್ಲು ಗಟ್ಟಿ ಅದಾವಲ್ರಿ."

ರೊಟ್ಟಿ ನೆಪ, ಪಾತ್ರೆ ನೋಡಲು ಬಂದಿದ್ದಾಳೆ ಎಂದು ಖಚಿತವಾಯಿತು. ರೊಟ್ಟಿಯನ್ನು ಮಾತ್ರ ಪೂರ್ತಿ ತಿಂದೆ.

ಅವರೂ ನನ್ನನ್ನು ನಂಬಿರಲಿಲ್ಲ. ಅದಕ್ಕೆ ಅವರ ಬಳಿ ನನಗಿಂತ ಒಳ್ಳೆಯ ಕಾರಣಗಳಿದ್ದವು. ನಾನು ಅಂಚೆ ಮೂಲಕ ಇಂಗ್ಲಿಷ್ ಎಂ.ಎ. ಓದುತ್ತಿದ್ದೆ. ಉಳಿದ ಪತ್ರಿಕೆಗಳೆಲ್ಲ ಮುಗಿದಿದ್ದವು, ಆಧುನಿಕ ಭಾಷಾಶಾಸ್ತ್ರದ ಸಿದ್ಧಾಂತಗಳು ಎನ್ನುವ ಒಂದು ಪತ್ರಿಕೆ ಬಾಕಿ. ಸಂಜೆ ಕೋಣೆಯಲ್ಲಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುವುದು, ಕೇಳಿದ್ದನ್ನು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳಿಕೊಳ್ಳುವುದು, ಬೆಳಗ್ಗೆಯಿಂದ ಯಾರು ಏನೆಂದರು ಎಂದು ಪುಸ್ತಕದಲ್ಲಿ ಬರೆದಿಡುವುದು. ಮಾಳಿಗೆಯ ಮೇಲಿದ್ದವರಿಗೆ ಇದು ಹೇಗೆ ಕೇಳಿರಬೇಕು ನೀವೇ ಯೋಚಿಸಿ.

ವಾಕ್ಯವನ್ನು ಮರದ ಹಾಗೆ ಬಿಡಿಸಿ ತೋರಿಸುವ ಒಂದು ಪದ್ಧತಿಯಿದೆ. ಮೇಲೆ ಇಡೀ ವಾಕ್ಯ, ಕೆಳಗೆ ಕೊಂಬೆಗಳು, ತುದಿಯಲ್ಲಿ ಒಂದೊಂದು ಪದ. ಹುಟ್ಟುವಾಗಲೇ ಮನುಷ್ಯನ ತಲೆಯಲ್ಲಿ ವ್ಯಾಕರಣದ ಅಚ್ಚು ಇರುತ್ತದೆ ಎನ್ನುವವರ ಸಿದ್ಧಾಂತ ಅದು. ಒಂದು ಸಂಜೆ ನಾನು ಅಂಥದ್ದೊಂದು ಮರ ಬಿಡಿಸುತ್ತಿದ್ದಾಗ ಗಂಗವ್ವ ಬಾಗಿಲಲ್ಲಿ ನಿಂತು ನೋಡಿದಳು.

"ಬೇರು ಮ್ಯಾಲ ಮಾಡಿ ಗಿಡ ತಗದೀರಲ್ಲರಿ. ಇದು ಯಾರ ಮನಿ ವಂಶಾವಳಿ?"

"ವಂಶಾವಳಿ ಅಲ್ಲಮ್ಮ, ಇಂಗ್ಲಿಷ್ ಪಾಠ."

"ಹೌದೇನ್ರಿ" ಎಂದಳು. ಆ ಹೌದೇನ್ರಿಯಲ್ಲಿ ಹೌದು ಎನ್ನುವುದು ಸಾಸಿವೆಯಷ್ಟೂ ಇರಲಿಲ್ಲ.

ಮಾರನೆಯ ದಿನವೇ ಅವಳ ಮೈದುನ ಬಸಪ್ಪ ಕಾಕಾ ಕಟ್ಟೆಯ ಮೇಲಿಂದ ನನ್ನನ್ನು ತಡೆದರು. "ಅಕ್ಕೋರ, ತಪ್ಪು ತಿಳೀಬ್ಯಾಡ್ರಿ. ನೀವು ಸಾಲಿ ಕಲಿಸಾಕ ಬಂದೀರೋ, ಯಾರ ಹೊಲ ಯಾರ ಹೆಸರಿಗೈತಿ ಅಂತ ಬರಕೊಂಡು ಹೋಗಾಕ ಬಂದೀರೋ?"

ನಾನು ನಕ್ಕೆ. ಅವರು ನಗಲಿಲ್ಲ.

ನನ್ನ ಕಷ್ಟ ಏನೆಂದರೆ, ಆ ಪತ್ರಿಕೆಯ ಅರ್ಧ ಅಂಕ ಒಂದು ಕ್ಷೇತ್ರಕಾರ್ಯದ ವರದಿಗೆ ಮೀಸಲು. ನಾನು ಆರಿಸಿಕೊಂಡ ವಿಷಯ ಮಾತಿನ ಮರ್ಯಾದೆ. ಇಂಗ್ಲಿಷ್ ಮಾತನ್ನು ಇಟ್ಟುಕೊಂಡು ಕಟ್ಟಿದ ಒಂದು ಸಿದ್ಧಾಂತವಿದೆ. ಅದರ ಪ್ರಕಾರ ಪ್ರತಿಯೊಬ್ಬರಿಗೂ ಸಮಾಜದಲ್ಲಿ ಕಾಪಾಡಿಕೊಳ್ಳಬೇಕಾದ ಒಂದು ಮುಖವಿರುತ್ತದೆ. ಏನಾದರೂ ಕೇಳುವುದು ಎಂದರೆ ಎದುರಿನವರ ಮುಖಕ್ಕೆ ಪೆಟ್ಟು. ಅದಕ್ಕೇ ಜನ ಬಳಸಿ, ಸುತ್ತಿ, ಪ್ರಶ್ನೆಯ ಹಾಗೆ ಮಾಡಿ ಕೇಳುತ್ತಾರೆ. ಈ ಸಿದ್ಧಾಂತ ಶಲವಡಿಯ ಮಾಳಿಗೆಯ ಮೇಲೆ ನಿಲ್ಲುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಅದಕ್ಕೆ ಮೂವರ ಸಹಜ ಸಂಭಾಷಣೆಯನ್ನು ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಬೇಕು. ಮೂವರೂ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿರಬೇಕು, ಮುದ್ರಿಸುವ ಮೊದಲೇ ಹಾಕಿರಬೇಕು. ಇದು ನನಗೆ ಮೂರನೆಯ ಮತ್ತು ಕೊನೆಯ ಅವಕಾಶ. ಇದು ಹೋದರೆ ಹೆಸರು ನೋಂದಾಯಿಸಿದ್ದೂ ರದ್ದು, ನಾಲ್ಕು ವರ್ಷದ ಓದೂ ರದ್ದು.

ದೀಪಾವಳಿ ಕಳೆದ ಮೇಲೆ ಕಾಗದ ಹಿಡಿದು ಹೋದೆ. ಗಂಗವ್ವ ಜೋಳ ಹಸನು ಮಾಡುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು.

"ಮಾತು ಬೇಕಾದಷ್ಟು ತಗೋರಿ. ಸಹಿ ಕೇಳಬ್ಯಾಡ್ರಿ."

"ಇದು ಬರೀ ಓದಿಗಮ್ಮ. ಬೇರೆ ಏನೂ ಇಲ್ಲ."

"ಹೋದ ಸಲ ಸಹಿ ತಗೊಂಡು ಹೋದಾಂವನೂ ಬ್ಯಾರೇನಿಲ್ಲ ಅಂದಿದ್ದ. ಏನು ಬರಕೊಂಡಿದ್ನೋ ಇವತ್ತಿಗೂ ಗೊತ್ತಿಲ್ಲ."

ಸಹಿ ಆಮೇಲೆ ನೋಡೋಣ ಎಂದು ಮೊಬೈಲನ್ನು ನಡುವೆ ಇಟ್ಟೆ. ಅಲ್ಲಿಯವರೆಗೆ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತಿದ್ದ ಮೂವರು ಹೆಂಗಸರು ಸೆರಗು ಸರಿ ಮಾಡಿಕೊಂಡು ಕೂತರು. ನೀಲವ್ವ ಗಂಟಲು ಸರಿ ಮಾಡಿ, "ನಮಸ್ಕಾರ್ರಿ. ನನ್ನ ಹೆಸರು ನೀಲವ್ವ. ನಮ್ಮ ಊರು ಭಾಳ ಚಲೋ ಊರು" ಎಂದು ನಿಲ್ಲಿಸಿದಳು. ಗಂಗವ್ವ, "ಹೌದ್ರಿ" ಎಂದಳು. ಅಷ್ಟೇ. ಹನ್ನೊಂದು ನಿಮಿಷ ಜೋಳದ ಸಪ್ಪಳ ಮುದ್ರಣವಾಯಿತು.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ.

ಸಂಕ್ರಾಂತಿ ಕಳೆದ ವಾರ, ಚಳಿ. ಒಣ ಮೆಣಸಿನಕಾಯಿ ಮಾಳಿಗೆಯ ಮೇಲೆ ಹರಡಿತ್ತು. ಕಾಯಿಯ ತೊಟ್ಟಿಗೆ ಇಲ್ಲಿ ತುಂಬು ಎನ್ನುತ್ತಾರೆ. ತುಂಬು ಮುರಿಯಲು ಹೆಂಗಸರು ಎಳೆಬಿಸಿಲಿನಲ್ಲಿ ಮೇಲೆ ಕೂರುತ್ತಾರೆ. ಆ ದಿನ ನನಗೆ ತಲೆನೋವು, ಶಾಲೆಗೆ ರಜೆ ಹೇಳಿ ಮಲಗಿದ್ದೆ. ಅದು ಅವರಿಗೆ ಗೊತ್ತಿರಲಿಲ್ಲ. ಬೆಳಕಿಂಡಿಯಿಂದ ಮಾತು ಸುರಿಯುತ್ತಿತ್ತು. ಒಬ್ಬರಿಗೊಬ್ಬರು ಬೈದು, ನಕ್ಕು, ಕೇಳಿ, ಕೊಟ್ಟು, ಪುಸ್ತಕದಲ್ಲಿ ಇಲ್ಲದ್ದೆಲ್ಲ. "ಲೇ ನೀಲಿ, ಆ ಮರ ಈಕಡಿ ದೂಡು, ಕೈ ಏನು ತವರಮನ್ಯಾಗ ಇಟ್ಟು ಬಂದೀಯೇನು?" ಎಂದು ಗಂಗವ್ವ. "ನಿನ್ನ ಕೈ ಎಲ್ಲಿ ಐತಿ ಗಂಗಕ್ಕ, ಬಾಯಾಗ ಐತೇನು?" ಎಂದು ನೀಲವ್ವ. ಮೊರ ದೂಡಿದ ಸಪ್ಪಳ, ಮೊರಕ್ಕೆ ಇಲ್ಲಿ ಮರ ಎನ್ನುತ್ತಾರೆ. ಕೇಳಿದ್ದಕ್ಕೆ ಯಾರ ಮುಖಕ್ಕೂ ಪೆಟ್ಟಾಗಲಿಲ್ಲ.

ನಾನು ಎದ್ದು ಗೋಡೆಯ ಗೂಡಿನಲ್ಲಿ, ಬೆಳಕಿಂಡಿಯ ನೇರಕ್ಕೆ, ಮೊಬೈಲು ಇಟ್ಟೆ. ಮುದ್ರಣ ಒತ್ತಿದೆ. ಏಳು ತಿಂಗಳು ಅವರು ನನ್ನ ಮಾತು ಕದ್ದು ಕೇಳುತ್ತಾರೆ ಎಂದು ಅನುಮಾನಪಟ್ಟವಳು, ಗೋಡೆಗೆ ಬೆನ್ನು ಕೊಟ್ಟು ಉಸಿರು ಬಿಗಿಹಿಡಿದು ನಿಂತೆ.

ನಡುವೆ ಗಂಗವ್ವ ಚಹಾ ಇಡಲು ಕೆಳಗಿಳಿದಳು. ಆಗ ರೇಣುಕಾಳ ದನಿ ಸಣ್ಣದಾಯಿತು. ಹಲ್ಲು ತೋರಿಸಿಕೊಂಡು ಬರುತ್ತೇನೆಂದು ಹೋದ ವಾರ ಅಣ್ಣಿಗೇರಿಗೆ ಹೋದವಳು ಹಲ್ಲು ತೋರಿಸಿರಲಿಲ್ಲ. ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುವ ಕೆಲಸಕ್ಕೆ ಅರ್ಜಿ ಕೊಟ್ಟು ಬಂದಿದ್ದಳು. "ಅತ್ತೀಗೆ ಗೊತ್ತಾದ್ರ ಮುಗೀತು ಚಿಗವ್ವ" ಎಂದಳು. "ನಾ ಯಾಕ ಹೇಳ್ಲೆ? ನನ್ನ ಬಾಯಿ ಅಂದ್ರ ಬಾವಿ" ಎಂದಳು ನೀಲವ್ವ.

ಗಂಗವ್ವ ಮೇಲೆ ಬಂದ ಸ್ವಲ್ಪ ಹೊತ್ತಿಗೆ ಯಾರೋ ಮೆಣಸಿನಕಾಯಿ ಹರವಿದರು. ಬೆಳಕಿನ ಕೋಲಿನಲ್ಲಿ ಕೆಂಪು ಧೂಳು ಇಳಿಯುತ್ತ ಬಂತು. ಮೂಗು ಹಿಡಿದೆ, ಸೆರಗು ತುರುಕಿದೆ. ಕೊನೆಗೆ ಒಂದರ ಹಿಂದೆ ಒಂದು ನಾಲ್ಕು ಸೀನು. ಮೇಲೆ ಮಾತು ನಿಂತಿತು. ಮುಖ ಬಂತು.

"ಮನ್ಯಾಗ ಅದೀರೇನ್ರಿ ಅಕ್ಕೋರ?"

"ತಲೆನೋವಮ್ಮ."

"ಮತ್ತ ನಿಂತೀರಲ್ಲರಿ. ತಲಿನೋವು ಅಂದ್ರ ಮಲಗಬೇಕರಿ."

ನಲವತ್ತು ನಿಮಿಷದ ಮುದ್ರಣ ಸಿಕ್ಕಿತ್ತು. ಅದನ್ನು ಮೂರು ದಿನ ಕೂತು ಬರೆದೆ. ಎಲ್ಲಿ ಒಬ್ಬರು ನಿಲ್ಲಿಸಿದರು, ಎಲ್ಲಿ ಇನ್ನೊಬ್ಬರು ಹೊಕ್ಕರು, ಎಲ್ಲಿ ನಗು, ಎಲ್ಲವನ್ನೂ ಗುರುತು ಹಾಕಿ. ಮಾರ್ಗದರ್ಶಕರಿಗೆ ಒಂದು ಪುಟ ಕಳಿಸಿದೆ. ತುಂಬಾ ಚೆನ್ನಾಗಿದೆ, ಒಪ್ಪಿಗೆ ಪತ್ರಗಳನ್ನು ಲಗತ್ತಿಸಿ ಎಂದು ಉತ್ತರ ಬಂತು. ರೇಣುಕಾ ಹೇಳಿದ್ದನ್ನು ವರದಿಯಲ್ಲಿ ಬಿಟ್ಟುಬಿಡುತ್ತೇನೆ, ಹೆಸರು ಬದಲಿಸುತ್ತೇನೆ, ಯಾರಿಗೂ ತೊಂದರೆಯಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಪ್ಪಿಗೆಯ ಕಾಗದದ ಮೇಲೆ ಮುದ್ರಿಸಿಕೊಂಡ ದಿನಕ್ಕಿಂತ ಒಂದು ದಿನ ಹಿಂದಿನ ತಾರೀಖು ಬರೆದೆ. ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಮಾಡಿ ತೆಗೆದುಕೊಂಡು ಹೋದೆ.

ಗಂಗವ್ವ ಮಿಠಾಯಿ ತಿಂದಳು, ಕಾಗದವನ್ನು ಸೊಸೆಯ ಕೈಗೆ ಕೊಟ್ಟಳು. "ಓದು ನೋಡೂಣು."

ರೇಣುಕಾ ಮೇಲಿನಿಂದ ಕೆಳಗೆ ನಿಧಾನ ಓದಿದಳು. ಕೊನೆಯಲ್ಲಿ ಬೆರಳು ನಿಂತಿತು.

"ಅತ್ತಿ, ಇದರಾಗ ಹಳೇ ತಾರೀಖ ಐತಿ. ಇದರ ಮರುದಿನ ಅಕ್ಕೋರಿಗೆ ತಲಿನೋವಿತ್ತು. ಸೀನಿದ್ದರಲ್ಲ, ಆವತ್ತು."

ಗಂಗವ್ವ ಬಾಯಲ್ಲಿದ್ದ ಮಿಠಾಯಿಯನ್ನು ನಿಧಾನವಾಗಿ ಅಗಿದು ನುಂಗಿದಳು.

"ನಮ್ಮ ಮಾತು ಹಿಡಕೊಂಡೀರೇನ್ರಿ?"

"ಹೌದಮ್ಮ" ಎಂದೆ. ಸುಳ್ಳು ಹೇಳಬಹುದಿತ್ತು. ಆದರೆ ರೇಣುಕಾಳ ಕಣ್ಣು ನನ್ನ ಮೇಲಿತ್ತು.

"ಹಂಗಾದ್ರ ಕೇಳಸ್ರಿ. ಮೊದಲಿನಿಂದ ಕಡೀತನ. ಏನು ಒಯ್ಯಾಕತ್ತೀರಿ ಗೊತ್ತಾಗಲಿ."

ಆಗ ರೇಣುಕಾಳ ಮುಖ ನೋಡಿದೆ. ಓದುತ್ತಿದ್ದಾಗ ಸಿಟ್ಟಿನಿಂದ ಕೆಂಪಗಿತ್ತು, ಈಗ ಬೂದಿಯಾಗಿತ್ತು. ಅವಳಿಗೆ ನೆನಪಾಗಿತ್ತು. ನೀಲವ್ವ ಗೋಡೆಯ ಗಡಿಯಾರ ನೋಡುತ್ತಿದ್ದಳು, ಅದು ನಿಂತು ಬಹಳ ದಿನವಾಗಿದ್ದರೂ.

ಮೊಬೈಲು ತೆಗೆದೆ. ಅವರ ಕಣ್ಣ ಮುಂದೆಯೇ ಮುದ್ರಣವನ್ನು ಅಳಿಸಿದೆ. ಬರೆದಿಟ್ಟ ಹದಿನೆಂಟು ಹಾಳೆಗಳನ್ನು ಕೋಣೆಯಿಂದ ತಂದು ಒಲೆಯ ಬಾಯಿಗೆ ಹಾಕಿದೆ. ಮಾರ್ಗದರ್ಶಕರಿಗೆ ಕಳಿಸಿದ್ದ ಪುಟದಲ್ಲಿ ಮೊರ ದೂಡುವ ಜಗಳ ಮಾತ್ರ ಇತ್ತು, ಅದನ್ನೂ ಬಳಸಬೇಡಿ ಎಂದು ಬರೆದೆ.

ಇದರಿಂದ ಗಂಗವ್ವನ ಮನಸ್ಸು ಕರಗಿತು ಎಂದು ನೀವು ಅಂದುಕೊಂಡರೆ, ನಿಮಗೆ ಗಂಗವ್ವ ಗೊತ್ತಿಲ್ಲ.

"ಸುಟ್ಟೀರಿ ಅಂದ್ರ ಅದರಾಗ ಏನೋ ಇತ್ತು" ಎಂದಳು.

ಮರುದಿನ ಬೆಳಗ್ಗೆ ನನಗೆ ಎಚ್ಚರವೇ ಆಗಲಿಲ್ಲ. ಕೋಣೆ ಕತ್ತಲು. ಬೆಳಕಿಂಡಿಗೆ ತಗಡು ಮುಚ್ಚಿ ಕಲ್ಲು ಹೇರಿದ್ದರು, ಮಾಘದ ಚಳಿಯಲ್ಲಿ, ಒಂದು ಮೋಡವೂ ಇಲ್ಲದ ದಿನದಲ್ಲಿ. ಶಾಲೆಗೆ ತಡವಾಯಿತು. ಆ ದಿನದಿಂದ ಹಗಲಲ್ಲೂ ದೀಪ ಹಾಕಿ ಕೂತೆ. ಕರೆಂಟು ಹೋದಾಗ ಬಾಗಿಲು ತೆರೆದಿಟ್ಟೆ, ಬಾಗಿಲ ಮುಂದೆ ಹೋಗುವವರು ಒಳಗೆ ನೋಡುತ್ತ ಹೋದರು. ನೀರಿನ ಘಟಕದ ಮುಂದೆ ಯಾರೂ ಏನೂ ಕೇಳಲಿಲ್ಲ. ಕೊಡ ತುಂಬುವಷ್ಟು ಹೊತ್ತು ಎಷ್ಟು ದೀರ್ಘ ಎಂದು ಆಗ ತಿಳಿಯಿತು. ನಮ್ಮೂರಿನಲ್ಲಿ ಯಾರಾದರೂ ಮುನಿದರೆ ಮುನಿದಿದ್ದಾರೆ ಎಂದು ತಿಳಿಯಲು ವಾರ ಬೇಕು, ಅಲ್ಲಿಯವರೆಗೆ ಊಟ ಆಯ್ತಾ ಎನ್ನುತ್ತಲೇ ಇರುತ್ತಾರೆ. ಇಲ್ಲಿ ತಗಡು ಮುಚ್ಚುತ್ತಾರೆ.

ಐದನೆಯ ದಿನ ಭಾನುವಾರ. ಮಾಳಿಗೆಯ ಏಣಿ ಹತ್ತಿದೆ. ಮೂವರೂ ಮೆಣಸಿನಕಾಯಿಯ ಮುಂದೆ ಕೂತಿದ್ದರು. ನಾನೂ ಒಂದು ರಾಶಿ ಎಳೆದುಕೊಂಡು ಕೂತೆ. ಇಲ್ಲಿ ಒಂದು ರೂಢಿಯಿದೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿ ಇಲ್ಲ, ಆಳಿಗೆ ಆಳು, ದಿನಕ್ಕೆ ದಿನ. ಅದು ಮುಯ್ಯಾಳು. ಮೊದಲು ನೀಲವ್ವನ ಮೆಣಸಿನಕಾಯಿಗೆ ಗಂಗವ್ವ ಕೂತದ್ದಕ್ಕೆ ಆ ದಿನ ಗಂಗವ್ವನ ಮೆಣಸಿನಕಾಯಿಗೆ ನೀಲವ್ವ ಕೂತಿದ್ದಳು. ನನ್ನ ತಪ್ಪನ್ನು ದುಡಿದು ತೀರಿಸೋಣ ಎಂದು ನನ್ನ ಲೆಕ್ಕಾಚಾರ. ಅರ್ಧ ಗಂಟೆಯಲ್ಲಿ ಬೆರಳು ಉರಿಯತೊಡಗಿತು. ಮರೆತು ಕಣ್ಣು ಉಜ್ಜಿದೆ.

"ಕಣ್ಣಿಗೆ ಹಚ್ಚಿಕೊಂಡ್ರಿ" ಎಂದಳು ನೀಲವ್ವ. ಅದು ಐದು ದಿನದಲ್ಲಿ ಅವಳ ಮೊದಲ ಮಾತು.

ಗಂಗವ್ವ ಸೆರಗಿನ ತುದಿಯನ್ನು ಮಜ್ಜಿಗೆಯಲ್ಲಿ ಅದ್ದಿ ನನ್ನ ಕಣ್ಣಿಗೆ ಒತ್ತಿದಳು. ಒತ್ತುತ್ತಲೇ ಕೇಳಿದಳು, "ಮುಯ್ಯಾಳು ಬಂದೀರೇನ್ರಿ?"

"ಹೌದಮ್ಮ."

"ಮೆಣಸಿನಕಾಯಿಗೆ ಮುಯ್ಯಿ ಮೆಣಸಿನಕಾಯಿ. ನೀವು ತಗೊಂಡಿದ್ದು ಏನು?"

"ಮಾತು."

"ಎಷ್ಟು?"

"ನಲವತ್ತು ನಿಮಿಷ."

"ಮತ್ತ ಕೊಡ್ರಿ. ನಲವತ್ತು ಮಿನಿಟು. ಬರೇ ಮ್ಯಾಲಿಂದು ಅಲ್ಲ. ನಾವಿಲ್ಲ ಅಂದುಕೊಂಡು ಆಡೋ ಮಾತು."

ರೇಣುಕಾ ತನ್ನ ಮೊಬೈಲು ತೆಗೆದು ನನ್ನ ಮುಂದೆ, ಮೆಣಸಿನಕಾಯಿಯ ನಡುವೆ ಇಟ್ಟಳು. ಕೆಂಪು ಚುಕ್ಕೆ ಮಿನುಗತೊಡಗಿತು. ಆಗ ನನಗೂ ಸೆರಗು ಸರಿ ಮಾಡಿಕೊಳ್ಳುವ ಹಾಗಾಯಿತು.

ಮೊದಲು ಮಧುಗಿರಿಯ ಬೆಟ್ಟ, ನಮ್ಮ ಮಳೆ, ಯಜಮಾನರ ಹಾರ್ಡ್‌ವೇರ್ ಅಂಗಡಿ, ತುಮಕೂರಿನಲ್ಲಿ ಓದುವ ಮಗಳು ಎಂದು ಹೇಳಿದೆ. "ಇದು ನೀಲವ್ವ ಹೇಳಿದಂಗ ಆತು. ನಮ್ಮ ಊರು ಚಲೋ ಊರು" ಎಂದಳು ಗಂಗವ್ವ. ನಾನು ನಾಲ್ಕು ಕಾಯಿಗಳ ತುಂಬು ಮುರಿದೆ. ಆಮೇಲೆ ನಿಜವಾದ ಮಾತು ಬಂತು.

ನಾನು ಈ ಪತ್ರಿಕೆಯಲ್ಲಿ ಎರಡು ಸಲ ಫೇಲಾದವಳು. ಎರಡನೆಯ ಸಲ ಫಲಿತಾಂಶ ನನಗಿಂತ ಮೊದಲು ನಮ್ಮ ಶಾಲೆಯ ಸ್ಟಾಫ್ ರೂಮಿಗೆ ಗೊತ್ತಾಗಿತ್ತು. ಮಕ್ಕಳಿಗೆ ಇಂಗ್ಲಿಷ್ ಕಲಿಸುವವಳು ಇಂಗ್ಲಿಷಿನಲ್ಲೇ ಫೇಲು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ನಾನು ಒಳಗೆ ಹೋದಾಗ ಮಾತು ನಿಲ್ಲುತ್ತಿತ್ತು, ಅಷ್ಟೇ. ಆ ನಿಂತ ಮಾತನ್ನು ಒಂದು ವರ್ಷ ಕೇಳಿಸಿಕೊಂಡೆ. ಪರಸ್ಪರ ವರ್ಗಾವಣೆ ಎಂದು ಒಂದಿದೆ, ಇಬ್ಬರು ಶಿಕ್ಷಕರು ಒಪ್ಪಿ ಜಾಗ ಬದಲಿಸಿಕೊಳ್ಳುವುದು. ಶಲವಡಿಯ ಶಾಲೆಯಲ್ಲಿ ಒಬ್ಬರಿಗೆ ಮಧುಗಿರಿ ಬೇಕಿತ್ತು. ನನಗೆ ಮಧುಗಿರಿಯಲ್ಲದ ಯಾವ ಊರಾದರೂ ಬೇಕಿತ್ತು. ಕೇಳಿಕೊಂಡವಳು ನಾನೇ. ಮನೆಯಲ್ಲಿ ಸರ್ಕಾರ ಕಳಿಸಿತು ಎಂದೆ. ಗಂಡನಿಗೂ ಹಾಗೇ ಹೇಳಿದೆ. ಅವರು ಬಸ್ಸಿಗೆ ಟ್ರಂಕು ಹತ್ತಿಸುವಾಗ ಸರ್ಕಾರವನ್ನು ಬೈದರು, ನಾನೂ ಜೊತೆಗೆ ಬೈದೆ.

ನಲವತ್ತು ನಿಮಿಷದಲ್ಲಿ ಒಬ್ಬರೂ ನಡುವೆ ಬಾಯಿ ಹಾಕಲಿಲ್ಲ. ಏಳು ತಿಂಗಳಲ್ಲಿ ಆ ಮಾಳಿಗೆಯ ಮೇಲೆ ಹಾಗೆ ಆದದ್ದು ಅದೊಂದೇ ಸಲ. ಸಮಯ ಮುಗಿದಾಗ ರೇಣುಕಾ ಮುದ್ರಣ ನಿಲ್ಲಿಸಿದಳು. ಇನ್ನು ಎದ್ದು ಹೋಗುತ್ತಾಳೆ ಎಂದುಕೊಂಡೆ. ಅವಳು ನನ್ನ ಮೊಬೈಲು ಕೇಳಿದಳು. ಅದನ್ನು ಅದೇ ಜಾಗದಲ್ಲಿ ಇಟ್ಟು, "ಹಚ್ರಿ" ಎಂದಳು. ಮುದ್ರಣ ಒತ್ತಿದೆ.

"ಅತ್ತಿ" ಎಂದಳು ರೇಣುಕಾ, ಮೆಣಸಿನಕಾಯಿ ನೋಡುತ್ತಲೇ. "ನಾ ಅವತ್ತ ಅಣ್ಣಿಗೇರಿಗೆ ಹಲ್ಲು ತೋರಸಾಕ ಹೋಗಿರಲಿಲ್ಲ. ಸಾಲ್ಯಾಗ ಕೆಲಸಕ್ಕ ಅರ್ಜಿ ಕೊಟ್ಟು ಬಂದೀನಿ. ನಿನ್ನಿ ಫೋನ್ ಬಂದೈತಿ. ಬಾ ಅಂದಾರ."

ಗಂಗವ್ವನ ಕೈ ನಿಂತಿತು. ನೀಲವ್ವ ಆಕಾಶ ನೋಡಿದಳು. ಗಂಗವ್ವ ಒಂದು ಕಾಯಿ ಎತ್ತಿ ತುಂಬು ಮುರಿದಳು, ಇನ್ನೊಂದು ಎತ್ತಿದಳು, ಇನ್ನೊಂದು. ನಾನು ಆಮೇಲೆ ಎಣಿಸಿದ್ದೇನೆ, ಮುದ್ರಣದಲ್ಲಿ ಹದಿನಾಲ್ಕು ಸಲ ಆ ಸಪ್ಪಳವಿದೆ.

"ಹಲ್ಲು ನೋಯ್ತಾವಂತ ಎರಡು ದಿನ ನಿನಗ ನುಚ್ಚು ಮಾಡಿ ಹಾಕೇನಿ" ಎಂದಳು ಗಂಗವ್ವ.

"ಹೌದ್ರಿ ಅತ್ತಿ."

"ಅದೂ ಮೆತ್ತಗ ಕುದಿಸಿ."

"ಹೌದ್ರಿ."

ಮತ್ತೆ ತುಂಬು ಮುರಿಯುವ ಸಪ್ಪಳ. ಆಮೇಲೆ, "ಅಣ್ಣಿಗೇರಿ ಬಸ್ಸು ಮುಂಜಾನಿ ಎಷ್ಟಕ್ಕೈತಿ?"

"ಎಂಟಕ್ಕರಿ."

"ಎಂಟಕ್ಕಂದ್ರ ರೊಟ್ಟಿ ಯಾರು ಬಡೀತಾರ?"

"ನಾ ಆರಕ್ಕ ಬಡದು ಹೋಗ್ತೀನ್ರಿ."

"ನೀಲಿ, ಕೇಳೀಯಲ್ಲ? ಆರಕ್ಕ ಅಂದಾಳ. ಅಕ್ಕೋರ ಮಶೀನಿನ್ಯಾಗೂ ಬಂದೈತಿ. ನಾಳೆ ಏಳಕ್ಕ ಎದ್ಲು ಅಂದ್ರ ಇದನ್ನ ಹಚ್ಚಿ ಕೇಳಸೂದು."

ಅದು ಒಪ್ಪಿಗೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಪುಸ್ತಕದ ಪ್ರಕಾರ ಅದು ಯಾವ ಪಟ್ಟಿಗೂ ಸೇರುವುದಿಲ್ಲ. ವರದಿಯಲ್ಲಿ ನಾನು ಹಾಗೆಯೇ ಬರೆದೆ, ಸೇರುವುದಿಲ್ಲ ಎಂದು, ಯಾಕೆ ಸೇರುವುದಿಲ್ಲ ಎಂದು ಆರು ಪುಟ.

ಇಳಿಯುವ ಮೊದಲು ಗಂಗವ್ವ ಕಾಗದ ಕೇಳಿದಳು. ಈ ಸಲ ಆ ದಿನದ್ದೇ ತಾರೀಖು ಬರೆದು, ಒಪ್ಪಿಗೆ ಮಾತಿನ ಜೊತೆಗೇ ಸಿಕ್ಕಿತು, ಮೊದಲಲ್ಲ ಎಂದೂ ಕೆಳಗೆ ಬರೆದೆ. ಮೂವರೂ ಸಹಿ ಹಾಕಿದರು, ಗಂಗವ್ವ ಅಕ್ಷರ ಅಕ್ಷರವಾಗಿ, ನಾಲಿಗೆ ಕಚ್ಚಿಕೊಂಡು. ಆಮೇಲೆ ರೇಣುಕಾ ನೋಟ್‌ಬುಕ್ಕಿನ ಒಂದು ಹಾಳೆ ಹರಿದು, 'ನನ್ನ ಮಾತು ಇವರ ಹತ್ತಿರ ಇರುವುದಕ್ಕೆ ನನ್ನ ಒಪ್ಪಿಗೆ ಇದೆ' ಎಂದು ಬರೆದು ನನ್ನ ಮುಂದೆ ಹಿಡಿದಳು. ನಾನೂ ಸಹಿ ಹಾಕಿದೆ.

"ಅಷ್ಟಽ ನೋಡ್ರಿ" ಎಂದಳು ಗಂಗವ್ವ ಹಾಳೆ ಮಡಚುತ್ತ. "ನಮ್ಮ ಮಾತು ನಿಮ್ಮ ಹತ್ರ ಐತಿ, ನಿಮ್ಮ ಮಾತು ನಮ್ಮ ಹತ್ರ ಐತಿ. ಇನ್ನ ಯಾರೂ ಯಾರನ್ನೂ ನಂಬೋ ಕೆಲಸ ಇಲ್ಲ."

ಸಂಜೆ ತಗಡು ತೆಗೆದಿದ್ದರು.

ಬೇಸಿಗೆ ರಜೆಗೆ ಮಧುಗಿರಿಗೆ ಹೋಗುವ ಮೊದಲು ಫಲಿತಾಂಶ ಬಂತು. ಪಾಸು. ದೊಡ್ಡ ಅಂಕವೇನಲ್ಲ. ಗಂಗವ್ವನಿಗೆ ಹೇಳಿದಾಗ, "ನಮ್ಮ ಮಾತಿಗೆ ಎಷ್ಟು ಬಿದ್ದಾವು, ನಿಮ್ಮ ಇಂಗ್ಲಿಷಿಗೆ ಎಷ್ಟು ಬಿದ್ದಾವು?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಗೊತ್ತಿದೆ, ಹೇಳುತ್ತಿಲ್ಲ ಎಂದು ಅವಳ ನಂಬಿಕೆ.

ಊರಿನಲ್ಲಿ ಎರಡನೆಯ ದಿನವೇ ನಾದಿನಿ ಕೇಳಿದಳು, "ಅತ್ತಿಗೆ, ಯಾಕೆ ಹೀಗೆ ಬೈದ ಹಾಗೆ ಮಾತಾಡ್ತೀರಾ?" ಉಪ್ಪು ಕೊಡು ಎಂದಿದ್ದೆ, ಅಷ್ಟೇ. ಮೊದಲಾದರೆ ಸಾರಿಗೆ ಉಪ್ಪು ಸ್ವಲ್ಪ ಕಮ್ಮಿ ಆಯ್ತೇನೋ ಎನ್ನುತ್ತಿದ್ದೆ. ಶಲವಡಿಯಲ್ಲಿ ನಾನು ಇನ್ನೂ ನೀರುನೀರಾಗಿ ಮಾತಾಡುವ ಅಕ್ಕೋರು, ಮಧುಗಿರಿಯಲ್ಲಿ ಬೈಯುವವಳು. ಎರಡು ಕಡೆಯೂ ಇವಳು ನಮ್ಮವಳಲ್ಲ ಎನ್ನುವ ಹಾಗೆ ಒಂದು ಕ್ಷಣ ನೋಡುತ್ತಾರೆ, ಆಮೇಲೆ ತಟ್ಟೆ ಹಾಕುತ್ತಾರೆ.

ಇದನ್ನು ನಿಮಗೆ ಬರೆಯುವ ಮೊದಲು ಯಜಮಾನರಿಗೆ ಹೇಳಬೇಕಿತ್ತು. ಅಂಗಡಿ ಬಾಗಿಲು ಹಾಕಿ ಮಧ್ಯಾಹ್ನ ಊಟಕ್ಕೆ ಬಂದಾಗ ಹೇಳಿದೆ, ವರ್ಗ ಕೇಳಿಕೊಂಡದ್ದು ನಾನೇ ಎಂದು. ಅವರು ಅನ್ನ ಕಲಸುತ್ತಲೇ ಇದ್ದರು.

"ಅನುಮಾನ ಇತ್ತು" ಎಂದರು. "ಪರಸ್ಪರ ಅಂದ್ರೆ ಇಬ್ಬರೂ ಕೇಳಬೇಕಲ್ವಾ. ಆರ್ಡರಲ್ಲೇ ಇತ್ತು."

"ಮತ್ತೆ ಬಸ್ ಸ್ಟ್ಯಾಂಡಲ್ಲಿ ಸರ್ಕಾರಕ್ಕೆ ಬೈದ್ರಲ್ಲ?"

"ನೀನೂ ಬೈದೆಯಲ್ಲ" ಎಂದರು. ಮಜ್ಜಿಗೆ ಹಾಕಿದೆ. ಅವರು ಮತ್ತೇನೂ ಕೇಳಲಿಲ್ಲ. ನಮ್ಮ ಕಡೆಯವರು ಕೇಳುವುದಿಲ್ಲ.

ರಜೆ ಮುಗಿಯುವ ಹತ್ತು ದಿನ ಮೊದಲು ರೇಣುಕಾಳ ಫೋನು ಬಂತು. ಅವಳ ಶಾಲೆಗೂ ರಜೆ. ನೀರಿನ ಸುದ್ದಿ, ಬಿಸಿಲಿನ ಸುದ್ದಿ ಹೇಳಿ, ಇಡುವ ಮೊದಲು ಅಂದಳು, "ಅಕ್ಕೋರ, ಅತ್ತಿ ಇವತ್ತ ನಿಮ್ಮ ಮಾತು ಹಚ್ಚು ಅಂದ್ರು. ಮುಂಜಾನಿ ಮಾಳಿಗಿ ಮ್ಯಾಲ ಕುಂತು ಪೂರಾ ಕೇಳಿದ್ರು."

"ಯಾಕೆ?"

"ಸುಮ್ನರಿ. ಮುಂದಿನ ಕ್ವಾಣಿ ಭಣಭಣ ಅಂತೈತಿ ಅಂದ್ರು."

ಇದನ್ನು ನಾನು ಪೂರ್ತಿ ನಂಬಿಲ್ಲ. ಸುಮ್ಮನೆ ಯಾರೂ ಯಾರ ಮಾತನ್ನೂ ನಲವತ್ತು ನಿಮಿಷ ಕೇಳುವುದಿಲ್ಲ. ಗಂಗವ್ವನಂತೂ ಕೇಳುವುದೇ ಇಲ್ಲ. ಎಲ್ಲಿ ಮರೆಮಾಚಿದ್ದೇನೆ ಎಂದು ಹುಡುಕುತ್ತಿರಬೇಕು. ಆದರೂ ಆ ಬೆಳಗ್ಗೆ ಎಷ್ಟು ಗಂಟೆಗೆ ಕೇಳಿದರು ಎಂದು ಕೇಳಿ ತಿಳಿದುಕೊಂಡೆ. ಏಳೂವರೆಗಂತೆ. ಏಳೂವರೆಗೆ ನಾನು ಮಧುಗಿರಿಯ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದೆ, ಯಾರ ಜೊತೆಯೂ ಮಾತಾಡದೆ. ಅದೇ ಹೊತ್ತಿನಲ್ಲಿ ಶಲವಡಿಯ ಮಾಳಿಗೆಯ ಮೇಲೆ ನಾನು ಮಾತಾಡುತ್ತಿದ್ದೆ, ನನ್ನ ಖಾಲಿ ಕೋಣೆಗೆ ಅದು ಬೆಳಕಿಂಡಿಯಿಂದ ಇಳಿಯುತ್ತಿತ್ತು.